ಪಂಡಿತೆ ರಮಾಬಾಯಿಯೂ ಆಕೆಯನ್ನು ಅಗಲಿ ಹೋದವರೂ



ಕಳೆದ ಸುಗ್ಗಿಯ ಕಾಲದಲ್ಲಿ ಇಟ್ಟಿಗಿಗೆ ಸಮೀಪವಾದ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಹಿರಿಯನೊಬ್ಬನನ್ನು ಸಮಾಧಿಮಾಡಿ, ಅಂದಿನ ಸಾಯಂಕಾಲ ಆತನ ಮನೆಯಲ್ಲಿ ಪ್ರಾರ್ಥನೆ ನಡಿಸಿ ಎದ್ದೆವು. ಬಂದವರೆಲ್ಲರೂ ಹೊರಟುಹೋದ ಮೇಲೆ ಆತನ ಹೆಂಡತಿಯಾದ ಮುದುಕಿಯು ನನ್ನನ್ನು ನಿಲ್ಲಿಸಿಕೊಂಡಳು. ತನ್ನ ಗಂಡನು ದೀಕ್ಷಾಸ್ನಾನ ಹೊಂದಿದವನು, ಕರ್ತನ ನಾಮವನ್ನು ಹೇಳುತ್ತಾ ಕಣ್ಣು ಮುಚ್ಚಿದವನು. ಆತನನ್ನು ತಿರಿಗಿ ಕಾಣುವೆನೆಂಬದನ್ನು ತಾನು ನಂಬಿರುವದಾಗಿ ಹೇಳಿದಳು. ಆ ಮೇಲೆ ತನ್ನ ತಾಯಿಯ ಮಾತೆತ್ತಿದಳು. ಆ ತಾಯಿಯು ಈಕೆಯು ಎಂಟು ವರುಷದವಳಾಗಿದ್ದಾಗ ತೀರಿಹೋದಳಂತೆ. ಯೇಸುವಿನ ಹೆಸರನ್ನು ಒಮ್ಮೆಯಾದರೂ ಕೇಳಿದವಳಲ್ಲವಂತೆ. ಮನೆಯಲ್ಲಿದ್ದ ಒಂದು ರೊಟ್ಟಿಯನ್ನು ಮಕ್ಕಳಿಗೆ ಮುರಿದುಕೊಟ್ಟು ತಾನು ನೀರು ಕುಡಿದು ಮಲಗುತ್ತಿದ್ದಳಂತೆ. ಅವಳನ್ನು ತಾನು ಎಲ್ಲಿ ಹುಡುಕಬೇಕು ಎಂಬದೇ ಆ ಮುದುಕಿಯ ಪ್ರಶ್ನೆಯಾಗಿತ್ತು.

ಸೆಮಿನರಿಯಲ್ಲಿ ಈ ಪ್ರಶ್ನೆಗೆ ತಕ್ಕ ಉತ್ತರವನ್ನು ನಾವು ಬರೆದುಕೊಂಡಿದ್ದೆವು. ಪರೀಕ್ಷೆಯಲ್ಲಿ ಅದಕ್ಕೆ ನನಗೆ ಒಳ್ಳೇ ಅಂಕಗಳೂ ಬಂದಿದ್ದವು. ಆದರೆ ಆ ಹೊತ್ತಿನಲ್ಲಿ ಆ ಉತ್ತರವು ನನ್ನ ಬಾಯಿಗೆ ಬರಲಿಲ್ಲ. ನಾಳೆ ಬಂದು ಮಾತಾಡುವೆನೆಂದು ಹೇಳಿ ಹೊರಟೆನು. ದಾರಿಯುದ್ದಕ್ಕೂ ನನ್ನ ನೆನಪಿಗೆ ಬಂದದ್ದು ಪಂಡಿತೆ ರಮಾಬಾಯಿಯ ಚರಿತ್ರೆಯು. ಆಕೆಯನ್ನು ವಿಧವೆಯರ ಪಾಠಶಾಲೆಗಳಿಗೋಸ್ಕರ ಎಲ್ಲರೂ ಬಲ್ಲರು. ಸಂಸ್ಕೃತ ಪಾಂಡಿತ್ಯಕ್ಕೋಸ್ಕರವೂ ಬಲ್ಲರು. ನಾನಾದರೋ ಈ ಸಾರಿ ಆಕೆಯ ಜೀವಿತವನ್ನು ಆಕೆಯ ಮನೆಯವರ ಸಾವುಗಳ ದಾರಿಯಿಂದ ಹೇಳಬೇಕೆಂದಿದ್ದೇನೆ. ಯಾಕಂದರೆ ಆಕೆಯೂ ಆ ಮುದುಕಿಯ ಪ್ರಶ್ನೆಯನ್ನು ಹೊತ್ತುಕೊಂಡು ನಡೆದವಳು.

ಪರದೇಶದ ಒಬ್ಬ ಭಕ್ತೆಯ ಕಥೆಯೆಂದು ಯಾರೂ ಎಣಿಸಬಾರದು. ನಮ್ಮ ಹಡಗಲಿ ಸೀಮೆಯ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ನೀರನ್ನು ಕುಡಿದವರಿಗೆ ರಮಾಬಾಯಿಯು ನೆಂಟಳೇ ಸರಿ. ತುಂಗೆಯೂ ಭದ್ರೆಯೂ ಪಶ್ಚಿಮ ಘಟ್ಟಗಳಲ್ಲಿ, ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಗಂಗಾಮೂಲವೆಂಬ ಅರಣ್ಯದಲ್ಲಿ ಹುಟ್ಟಿ, ಕೂಡಲಿಯಲ್ಲಿ ಒಂದಾಗಿ, ನಮ್ಮ ಕಡೆಗೆ ಇಳಿದು ಬರುವವು. ಆ ಗಂಗಾಮೂಲದಲ್ಲಿಯೇ 1858ನೆಯ ಇಸವಿಯ ಏಪ್ರಿಲ್ 23ರಂದು ಆಕೆಯು ಹುಟ್ಟಿದಳು. ತಂದೆಯು ಕಾರ್ಕಳ ಸೀಮೆಯ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆಯವರು. ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಹೆಂಗಸರೂ ಸಂಸ್ಕೃತ ಕಲಿಯಬಹುದೆಂಬದು ಅವರ ಹಟ. ತಮ್ಮ ಎರಡನೆಯ ಹೆಂಡತಿಯಾದ ಲಕ್ಷ್ಮೀಬಾಯಿಗೆ ಅವರು ಕಲಿಸಲಾರಂಭಿಸಿದಾಗ ಜಾತಿಯವರು ಸಿಟ್ಟಾದರು. ಉಡುಪಿಯಲ್ಲಿ ಪಂಡಿತರ ಸಭೆ ಕೂಡಿತು. ಶಾಸ್ತ್ರಿಗಳು ಶಾಸ್ತ್ರಗಳಿಂದಲೇ ತಮ್ಮ ಪಕ್ಷವನ್ನು ಸಾಧಿಸಿ, ಆ ಮೇಲೆ ಊರವರ ಗೊಡವೆಯೇ ಬೇಡವೆಂದು ಕಾಡಿಗೆ ಹೋಗಿ ಮನೆ ಕಟ್ಟಿದರು. ಕಾಡಿನ ಮನೆಗೂ ಶಿಷ್ಯರೂ ಯಾತ್ರಿಕರೂ ಬರುತ್ತಿದ್ದರು. ಬಂದವರಿಗೆಲ್ಲಾ ಅನ್ನವಿಕ್ಕಿ ಶಾಸ್ತ್ರಿಗಳು ಸಾಲಗಾರರಾದರು. ಮಗುವಿಗೆ ಆರು ತಿಂಗಳಾಗಿದ್ದಾಗ ಸಂಸಾರವೆಲ್ಲವೂ ತೀರ್ಥಯಾತ್ರೆಗೆ ಹೊರಟಿತು. ರಮಾಬಾಯಿಯನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿ ಘಟ್ಟದಿಂದ ಇಳಿಸಿದರು. ಅಂದಿನಿಂದ ಆಕೆಗೆ ಮನೆಯೆಂಬದು ಇರಲಿಲ್ಲ.

ಹದಿನಾರು ವರುಷಗಳ ವರೆಗೆ ಆ ಸಂಸಾರವು ಗುಡಿಯಿಂದ ಗುಡಿಗೆ, ನದಿಯಿಂದ ನದಿಗೆ ಅಲೆಯಿತು. ತಂದೆಯೂ ತಾಯಿಯೂ ಪುರಾಣ ಓದುವರು. ಕೇಳಿದವರು ಕೊಟ್ಟ ಅಕ್ಕಿಬೇಳೆಗಳಿಂದ ಸಂಸಾರ ನಡೆಯುವದು. ತಂದೆಯು ಮುದುಕರಾದ ಕಾರಣ ಪಾಠ ಹೇಳುವ ಕೆಲಸವು ತಾಯಿಯ ಪಾಲಿಗೆ ಬಂತು. ನಸುಕಿನಲ್ಲಿ, ಅಡಿಗೆಯ ಕೆಲಸಕ್ಕೆ ಮೊದಲು, ತಾಯಿಯು ಮಗಳನ್ನು ಎಬ್ಬಿಸಿ ಮಡಿಲಲ್ಲಿಟ್ಟುಕೊಂಡು ಶ್ಲೋಕಗಳನ್ನು ಬಾಯಿಪಾಠ ಮಾಡಿಸುವಳು. ಭಾಗವತವೆಲ್ಲವೂ ಹೀಗೆಯೇ ಆ ಹುಡುಗಿಯ ನಾಲಿಗೆಯಲ್ಲಿ ನಿಂತಿತು. ಆಕೆಗೆ ಮರಾಠಿಯಲ್ಲದೆ ಕನ್ನಡವೂ ಹಿಂದುಸ್ತಾನಿಯೂ ಬರುತ್ತಿದ್ದವು. ನಮ್ಮ ಭಾಷೆಯನ್ನು ಆಕೆಯು ಪುಸ್ತಕದಿಂದ ಕಲಿತವಳಲ್ಲ, ದಾರಿಯ ಧೂಳಿನಲ್ಲಿ ಕಲಿತವಳು.

ಆ ಮೇಲೆ ಬರವು ಬಂತು. ಬರವೆಂದರೆ ಏನೆಂಬದನ್ನು ನಮ್ಮ ಸೀಮೆಗೆ ಬಿಡಿಸಿ ಹೇಳಬೇಕಾದದ್ದಿಲ್ಲ. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 1878ರ ವರೆಗೆ, ಬಳ್ಳಾರಿ ಜಿಲ್ಲೆಯು ಎಷ್ಟು ಬಳಲಿತೆಂದರೆ, 1871ರಲ್ಲಿ ಎಣಿಸಿದ ಜನಕ್ಕಿಂತ 1881ರಲ್ಲಿ ಎಣಿಸಿದ ಜನವು ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ರಮಾಬಾಯಿಯ ಮನೆಯವರಿಗೆ ಹಸಿವು ಇದಕ್ಕಿಂತ ಎರಡು ವರುಷ ಮುಂಚೆಯೇ ಹತ್ತಿತು. ಮದ್ರಾಸ್ ಆಧಿಪತ್ಯದ ಹಳ್ಳಿಗಳಲ್ಲಿ ಪುರಾಣ ಕೇಳುವವರು ಇಲ್ಲದೆ ಹೋದರು. ತಮಗೇ ಅನ್ನವಿಲ್ಲದವರು ಶಾಸ್ತ್ರಿಗೆ ಏನು ಕೊಟ್ಟಾರು? ಮೊದಲು ಒಡವೆಗಳು ಹೋದವು, ಆ ಮೇಲೆ ಬೆಳ್ಳಿಯ ಪಾತ್ರೆ, ತಾಮ್ರದ ಪಾತ್ರೆ, ಕಡೆಯಲ್ಲಿ ಮೈಮೇಲಿನ ಒಳ್ಳೇ ಬಟ್ಟೆ. ಕೈಯಲ್ಲಿದ್ದ ಹಣದಲ್ಲಿ ಬಹಳ ಪಾಲನ್ನು ದೇವತೆಗಳು ಮೆಚ್ಚಲೆಂದು ದಾನಧರ್ಮಗಳಿಗೇ ಕೊಟ್ಟುಬಿಟ್ಟಿದ್ದರು. ಕೂಲಿ ಮಾಡಿ ಬದುಕಬಹುದಾಗಿತ್ತು; ಆದರೆ ವಿದ್ವಾಂಸರ ಮನೆಯವರು ಕೂಲಿ ಮಾಡುವದು ಹೇಗೆ, ಭಿಕ್ಷೆ ಬೇಡುವದು ಹೇಗೆ ಎಂಬ ಅಭಿಮಾನವು ಅಡ್ಡ ಬಂತು. ರಮಾಬಾಯಿಯು ಮುಂದೆ ಈ ಸಂಗತಿಯನ್ನು ಬರೆಯುವಾಗ ತನ್ನ ಮನೆಯವರ ಈ ದೊಡ್ಡಸ್ತಿಕೆಯನ್ನು ಮುಚ್ಚಿಡಲಿಲ್ಲ. ಸತ್ತವರನ್ನು ಪ್ರೀತಿಸುವವರೆಲ್ಲರೂ ಇಷ್ಟು ಸತ್ಯವಂತರಾಗಿರುವದಿಲ್ಲ.

ತಿರುಪತಿಯ ಹತ್ತಿರದ ಅಡವಿಯಲ್ಲಿ ಹನ್ನೊಂದು ಹಗಲು ಹನ್ನೊಂದು ರಾತ್ರಿ ಅವರು ನೀರು ಕುಡಿದು ಎಲೆಗಳನ್ನು ತಿಂದು ಇದ್ದರು. ವೃದ್ಧರೂ ದೃಷ್ಟಿ ಮಂದವಾದವರೂ ಆಗಿದ್ದ ಶಾಸ್ತ್ರಿಗಳು, ಮಕ್ಕಳು ಸಾಯುವದನ್ನು ಕಾಣುವದಕ್ಕಿಂತ ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣ ಬಿಡುವದೇ ಲೇಸೆಂದು ನಿರ್ಣಯಿಸಿದರು. ಒಬ್ಬೊಬ್ಬರನ್ನಾಗಿ ಅಪ್ಪಿಕೊಂಡು ಬೀಳ್ಕೊಂಡರು. ಕಿರಿಯ ಮಗಳಾದ ರಮಾಬಾಯಿಯನ್ನು ಎದೆಗೆ ಒತ್ತಿಕೊಂಡು, ಆಕೆಯು ತನ್ನ ಕಿರಿಯ ಮಗಳು, ಎಲ್ಲರಿಗಿಂತಲೂ ಪ್ರಿಯಳಾದವಳೆಂದೂ, ಆಕೆಯನ್ನು ದೇವರ ಕೈಗೆ ಒಪ್ಪಿಸಿಕೊಟ್ಟಿರುವೆನೆಂದೂ, ಆಕೆಯು ಬದುಕಿರುವಷ್ಟು ಕಾಲ ಆ ದೇವರಿಗೇ ಸೇರಿದವಳಾಗಿ ಆತನನ್ನೇ ಸೇವಿಸಬೇಕೆಂದೂ ಹೇಳಿದರು. ಅದಕ್ಕಿಂತ ಹೆಚ್ಚು ಮಾತಾಡಲಾರದೆ ಹೋದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಾವು ತಿರಿಗಿ ಇಲ್ಲಿಗೆ ಬರಬೇಕಾಗಿದೆ.

ಆಗ ಅಣ್ಣನಾದ ಶ್ರೀನಿವಾಸನು ಮುಂದೆ ಬಂದು, ಜಾತಿಯ ಹೆಮ್ಮೆಯನ್ನು ಬಿಟ್ಟು ತಾನು ಕೂಲಿ ಮಾಡಿ ಎಲ್ಲರನ್ನೂ ಸಾಕುವೆನೆಂದು ಹೇಳಿ ತಂದೆಯನ್ನು ತಡೆದನು. ಅಡವಿಯಿಂದ ಹೊರಟರು. ಆದರೆ ತಂದೆಯ ಶಕ್ತಿಯು ತೀರಿತ್ತು. ಕೆಲವು ದಿನಗಳಲ್ಲಿಯೇ, 1874ರಲ್ಲಿ, ಅವರು ಪ್ರಾಣ ಬಿಟ್ಟರು. ಸಾಯುವ ಮುಂಚೆ ಸನ್ಯಾಸವನ್ನು ತೆಗೆದುಕೊಂಡಿದ್ದ ಕಾರಣ ಅವರನ್ನು ಸುಡದೆ ಮಣ್ಣುಮಾಡಿದರು.

ಉಳಿದ ನಾಲ್ವರು ಉತ್ತರದ ಕಡೆಗೆ ಬಂದು, ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ರಾಯಚೂರಿನಲ್ಲಿ ನಿಂತರು. ಅದು ಆಗ ನಿಜಾಮನ ಸೀಮೆ. ಅಲ್ಲಿ ತಾಯಿಯು ಜ್ವರದಿಂದ ಮಲಗಿದಳು. ಜ್ವರದ ಅಮಲಿನಲ್ಲಿ ಆಕೆಯು ಆ ಅಡಿಗೆ ಬೇಕು ಈ ಅಡಿಗೆ ಬೇಕು ಎಂದು ಕೇಳುತ್ತಿದ್ದಳು. ಮನೆಯಲ್ಲಿ ಒಂದು ಕಾಳೂ ಇರಲಿಲ್ಲ. ಹದಿನಾರು ವರುಷದ ರಮಾಬಾಯಿಯು ನೆರೆಯ ಬ್ರಾಹ್ಮಣ ಹೆಂಗಸಿನ ಬಾಗಲಿಗೆ ಹೋಗಿ ನಿಂತಳು. ಬೇಡಿ ರೂಢಿಯಿಲ್ಲದ ನಾಲಿಗೆಯು ಬಾಯೊಳಗೆ ಅಂಟಿಕೊಂಡಿತು. ಕಡೆಗೆ ಬಹು ಕಷ್ಟದಿಂದ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಕೇಳಿದಳು. ಆ ಹೆಂಗಸು ಕೊಟ್ಟಳು. ಅದನ್ನು ತಂದು ತಾಯಿಯ ಬಾಯಿಗೆ ಇಟ್ಟರೆ ತಾಯಿಯು ತಿನ್ನಲಾರದೆ ಹೋದಳು. ಕೆಲವು ದಿನಗಳಾದ ಮೇಲೆ ಲಕ್ಷ್ಮೀಬಾಯಿಯೂ ಸತ್ತಳು.

ಹೆಣ ಹೊರುವವರು ಇರಲಿಲ್ಲ. ಕನಿಕರಪಟ್ಟು ಇಬ್ಬರು ಬ್ರಾಹ್ಮಣರು ಬಂದರು, ಅಣ್ಣನು ಮೂರನೆಯವನು. ನಾಲ್ಕನೆಯ ಹೆಗಲು ಇಲ್ಲದೆ ರಮಾಬಾಯಿಯೇ ನಿಂತಳು. ಸುಡುಗಾಡು ಮೂರು ಮೈಲಿಯಷ್ಟು ದೂರ. ಆಕೆಯು ಎಲ್ಲರಿಗಿಂತಲೂ ಗಿಡ್ಡವಾಗಿದ್ದದರಿಂದ ಚಟ್ಟವು ಹೆಗಲಿಗೆ ಎಟಕಲಿಲ್ಲ. ತಲೆಯ ಮೇಲೆ ಇಟ್ಟುಕೊಂಡು ನಡೆದಳು. ತನ್ನನ್ನು ಮಡಿಲಲ್ಲಿಟ್ಟುಕೊಂಡು ಪಾಠ ಹೇಳಿದ ತಾಯಿಯನ್ನು ಮಗಳು ತಲೆಯ ಮೇಲೆ ಹೊತ್ತಳು. ಇನ್ನು ಕೆಲವು ತಿಂಗಳುಗಳಲ್ಲಿ ಅಕ್ಕನಾದ ಕೃಷ್ಣಾಬಾಯಿಯೂ ಹೋದಳು.

ಅಣ್ಣತಂಗಿಯರಿಬ್ಬರೇ ಉಳಿದು ಕಾಲುನಡಿಗೆಯಿಂದ ಹಿಂದುಸ್ಥಾನವನ್ನೆಲ್ಲಾ ಸುತ್ತಿದರು. ಪಂಜಾಬಿನಲ್ಲಿ ಝೇಲಂ ನದಿಯ ತೀರದಲ್ಲಿ ಚಳಿಯನ್ನು ತಾಳಲಾರದೆ ಉಸುಕಿನಲ್ಲಿ ಗೋರಿಗಳಂತೆ ಎರಡು ಗುಣಿಗಳನ್ನು ತೋಡಿ, ತಲೆಯೊಂದನ್ನು ಬಿಟ್ಟು ಮೈಯೆಲ್ಲವನ್ನು ಉಸುಕಿನಿಂದ ಮುಚ್ಚಿಕೊಂಡು ರಾತ್ರಿ ಕಳೆದರು. ಶಾಸ್ತ್ರದಲ್ಲಿ ಹೇಳಿದ ವ್ರತಗಳೆಲ್ಲವನ್ನೂ ತಂದೆತಾಯಿಗಳು ನಡಿಸಿದ್ದರು; ಹೇಳಿದ ಫಲ ಒಂದೂ ಸಿಕ್ಕಲಿಲ್ಲ. ಆ ಗುಣಿಗಳಲ್ಲಿ ಮಲಗುವ ಹೊತ್ತಿಗೆ ಅವರಿಬ್ಬರ ನಂಬಿಕೆಯೂ ಬಹಳಮಟ್ಟಿಗೆ ಸತ್ತಿತ್ತು. 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿನ ವಿದ್ವಾಂಸರು ಆಕೆಯ ಸಂಸ್ಕೃತವನ್ನು ಕೇಳಿ ಬೆರಗಾಗಿ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದು ಕೊಟ್ಟರು. ಅಲ್ಲಿಯೇ ಮೊದಲ ಸಾರಿ ಕ್ರೈಸ್ತರ ಪ್ರಾರ್ಥನೆಯನ್ನು ಕಂಡದ್ದು. ಬಂದವರೆಲ್ಲರೂ ಕುರ್ಚಿಗಳ ಮುಂದೆ ಮೊಣಕಾಲೂರಿದ್ದನ್ನು ನೋಡಿ, ಇವರು ಕುರ್ಚಿಗಳನ್ನು ಪೂಜಿಸುವ ಜನವೆಂದು ಅಣ್ಣತಂಗಿಯರು ತಿಳಿದುಕೊಂಡರಂತೆ. ನಮ್ಮ ಆರಾಧನೆಯನ್ನು ಹೊರಗಿನಿಂದ ನೋಡುವವರಿಗೆ ಅದು ಹೇಗೆ ಕಾಣುವದೆಂಬದನ್ನು ಉಪದೇಶಿಗಳಾದ ನಾವೂ ಆಗಾಗ ಯೋಚಿಸುವದು ಒಳ್ಳೇದು.

1880ರಲ್ಲಿ ವಂಗದೇಶದಲ್ಲಿ ಶ್ರೀನಿವಾಸನು ಕೆಲವೇ ದಿನಗಳ ಬೇನೆಯಿಂದ ತೀರಿಹೋದನು. ತಂಗಿಯು ಒಂಟಿಯಾಗುವಳೆಂಬದೇ ಆತನಿಗಿದ್ದ ಒಂದೇ ಕೊರಗು. ತಮ್ಮಿಬ್ಬರನ್ನೂ ನೋಡಿಕೊಳ್ಳುವದಕ್ಕೆ ದೇವರ ಹೊರತು ಬೇರೆ ಯಾರೂ ಇಲ್ಲವೆಂದು ಆಕೆಯು ಹೇಳಲು, ದೇವರು ನೋಡಿಕೊಳ್ಳುವದಾದರೆ ತನಗೆ ಭಯವಿಲ್ಲವೆಂದು ಆತನು ಸಮಾಧಾನಗೊಂಡನು. ಆಗ್ಗೆ ಆಕೆಗೆ ಯಾವ ದೇವರೆಂಬದೂ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಆ ಒಂಟಿತನದಲ್ಲಿ ಯಾರೋ ಹತ್ತಿರದಲ್ಲಿರುವ ಹಾಗೆ ತನಗೆ ಅನಿಸಿತೆಂದು ಆಕೆಯು ಮುಂದೆ ಹೇಳಿಕೊಂಡಳು.

ಅದೇ ವರುಷದಲ್ಲಿ ಅಣ್ಣನ ಸ್ನೇಹಿತನಾದ ಬಿಪಿನ್ ಬಿಹಾರಿ ದಾಸ್ ಮೇಧಾವಿಯೆಂಬ ಬಂಗಾಳಿ ವಕೀಲನನ್ನು ಮದುವೆಯಾದಳು. ಆತನು ಬ್ರಾಹ್ಮಣನಲ್ಲ, ಮದುವೆಯು ಸರಕಾರದ ಕಾನೂನಿನ ಮೇರೆಗೆ ಆಯಿತು. ಅಸ್ಸಾಮಿನ ಸಿಲ್ಚಾರಿನಲ್ಲಿ ಮನೆ. 1881ರ ಏಪ್ರಿಲ್‌ನಲ್ಲಿ ಮನೋರಮೆಯೆಂಬ ಹೆಣ್ಣುಮಗುವು ಹುಟ್ಟಿತು. 1882ರ ಫೆಬ್ರವರಿಯಲ್ಲಿ ಗಂಡನು ಕಾಲರಾ ತಗಲಿ ಸತ್ತನು. ಆಕೆಗೆ ಆಗ ಇಪ್ಪತ್ತುಮೂರು ವರುಷ. ಕೈಯಲ್ಲಿ ಹತ್ತು ತಿಂಗಳ ಕೂಸು.

ಇಂಥ ಹೆಂಗಸನ್ನು ನಮ್ಮ ಹಳ್ಳಿಗಳಲ್ಲಿ ಏನೆಂದು ಕರೆಯುವರೆಂಬದನ್ನು ನಾನು ಬರೆಯಬೇಕೇ? ಗಂಡನನ್ನು ನುಂಗಿದವಳು ಎನ್ನುವರು, ಕಾಲ್ಗುಣ ಸರಿಯಿಲ್ಲವೆನ್ನುವರು; ಬೆಳಿಗ್ಗೆ ಎದುರಿಗೆ ಬಂದರೆ ತಿರಿಗಿ ಮನೆಯೊಳಕ್ಕೆ ಹೋಗುವರು. ಹೋದ ಜನ್ಮದ ಪಾಪವೇ ಗಂಡನ ಸಾವಾಗಿ ಬಂತೆಂಬದು ಆಕೆಯು ಓದಿದ ಗ್ರಂಥಗಳ ತೀರ್ಪು. ದುಃಖಕರವಾದ ಸಂಗತಿಯೇನಂದರೆ, ಸಭೆಯಲ್ಲಿಯೂ ಈ ಮಾತು ವೇಷ ಬದಲಾಯಿಸಿ ಬರುತ್ತದೆ. ವಿಶ್ವಾಸ ಸಾಲದೆ ಹೋದದರಿಂದ ಮಗು ಸತ್ತಿತು, ಯಾವದೋ ಗುಪ್ತ ಪಾಪಕ್ಕಾಗಿ ದೇವರು ಗಂಡನನ್ನು ತೆಗೆದುಕೊಂಡನು ಎಂದು ಸಾವಿನ ಮನೆಯಲ್ಲಿ ಕೂತು ಹೇಳುವವರನ್ನು ನಾನು ಕಂಡಿದ್ದೇನೆ. ಯೋಬನ ಮೂವರು ಸ್ನೇಹಿತರು ಸತ್ತು ಬಹಳ ಕಾಲವಾದರೂ ಅವರ ಸಂತಾನಕ್ಕೆ ಕೊರತೆಯಿಲ್ಲ. ರಮಾಬಾಯಿಯು ಆ ತೀರ್ಪನ್ನು ಒಪ್ಪಲಿಲ್ಲ. ಒಪ್ಪದೆ ಇದ್ದದ್ದು ಆಕೆಯು ಕ್ರೈಸ್ತಳಾಗುವದಕ್ಕೆ ಮುಂಚೆಯೇ ಎಂಬದನ್ನು ಗಮನಿಸಬೇಕು.

ಸಿಲ್ಚಾರಿನ ಮನೆಯಲ್ಲಿ, ಎಲ್ಲಿಂದ ಬಂತೆಂಬದು ಆಕೆಗೇ ತಿಳಿಯದ ಹಾಗೆ, ಬಂಗಾಳಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯೊಂದು ಸಿಕ್ಕಿತ್ತು. ಗಂಡನಿಗೆ ಕ್ರೈಸ್ತ ಮತವು ಸೇರದಿದ್ದರೂ ಆಕೆಯು ಅದನ್ನು ಓದಿದ್ದಳು. ವಿಧವೆಯಾಗಿ ಪುಣೆಗೆ ಬಂದು, ಹೆಂಗಸರಿಗೋಸ್ಕರ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, 1883ರಲ್ಲಿ ವೈದ್ಯ ಕಲಿಯುವೆನೆಂದು ಕೂಸಿನೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದಳು. ಕಿವಿ ಮಂದವಾದದರಿಂದ ವೈದ್ಯವು ಕೈಗೂಡಲಿಲ್ಲ. ವಾಂಟೇಜಿನಲ್ಲಿ ಕನ್ಯಾಸ್ತ್ರೀಯರ ಮನೆಯಲ್ಲಿದ್ದಾಗ, ಅವರು ಕೆಟ್ಟುಹೋದ ಹೆಂಗಸರನ್ನು ಮಕ್ಕಳಂತೆ ಸಾಕುವದನ್ನು ಕಂಡಳು. ಹೀಗೆ ಯಾಕೆ ಮಾಡುತ್ತೀರೆಂದು ಕೇಳಲು, ಅವರು ಸಮಾರ್ಯದ ಬಾವಿಯ ಬಳಿಯಲ್ಲಿ ಯೇಸುವು ಒಬ್ಬ ಹೆಂಗಸಿನೊಡನೆ ಮಾತಾಡಿದ ಸಂಗತಿಯನ್ನು ಓದಿ ತೋರಿಸಿದರು. ಅದೇ ವರುಷದ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನ ಹೊಂದಿದರು. ಅದಕ್ಕೆ ಸ್ವಲ್ಪ ಮೊದಲು ಆಕೆಯ ಜೊತೆಯಲ್ಲಿ ಊರಿನಿಂದ ಬಂದಿದ್ದ ಗೆಳತಿ ಆನಂದೀಬಾಯಿ ಭಗತಳು ಮನಸ್ಸು ಕದಡಿ ಅಲ್ಲಿಯೇ ವಿಷ ಕುಡಿದು ಸತ್ತಿದ್ದಳು. ಪರದೇಶದ ಮಣ್ಣಿನಲ್ಲಿ ಇನ್ನೊಂದು ಗೋರಿಯಾಯಿತು.

ದೀಕ್ಷಾಸ್ನಾನ ಹೊಂದಿದವರು ಹಿಂದಿನದನ್ನೆಲ್ಲಾ ಮರೆಯಬೇಕೆಂದು, ಸತ್ತ ತಂದೆತಾಯಿಗಳ ಹೆಸರನ್ನೂ ಎತ್ತಬಾರದೆಂದು ನಮ್ಮಲ್ಲಿ ಕೆಲವರು ಹೇಳುತ್ತಿದ್ದರು. ನಾನೂ ಹೊಸ ಉಪದೇಶಿಯಾಗಿದ್ದಾಗ ಒಂದು ಸಾವಿನ ಮನೆಯಲ್ಲಿ, ಹೊರಗಿನ ನೆಂಟರು ಕೂತಿರುವಾಗಲೇ, ನಂಬದೆ ಸತ್ತವರ ಗತಿಯ ವಿಷಯವಾಗಿ ಗಟ್ಟಿಯಾಗಿ ಪ್ರಸಂಗ ಮಾಡಿದೆನು. ಆ ಮನೆಯ ಸೊಸೆಯು ಎದ್ದು ಒಳಗೆ ಹೋದಳು. ಅವಳ ತಂದೆಯು ಒಂದು ತಿಂಗಳ ಹಿಂದೆ ತೀರಿಕೊಂಡಿದ್ದನೆಂದು ಆ ಮೇಲೆ ತಿಳಿಯಿತು. ಎರಡು ವರುಷ ಅವಳು ಗುಡಿಗೆ ಬರಲಿಲ್ಲ. ತಪ್ಪು ಅವಳದಲ್ಲ.

ರಮಾಬಾಯಿಯು ಏನು ಮಾಡಿದಳು? ದೀಕ್ಷಾಸ್ನಾನವಾಗಿ ನಾಲ್ಕು ವರುಷಗಳಾದ ಮೇಲೆ, 1887ರಲ್ಲಿ, ಅಮೇರಿಕದಲ್ಲಿದ್ದಾಗ, ಮೇಲು ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಅಚ್ಚು ಹಾಕಿಸಿದಳು. ಅದರ ಮೊದಲ ಪುಟದಲ್ಲಿ ರಾಯಚೂರಿನಲ್ಲಿ ತಾನು ತಲೆಯ ಮೇಲೆ ಹೊತ್ತ ಲಕ್ಷ್ಮೀಬಾಯಿಯ ಹೆಸರನ್ನು ಇಟ್ಟಳು. ತನ್ನ ಬಾಳಿಗೆ ಬೆಳಕೂ ದಾರಿಯೂ ಆದದ್ದು ಆ ತಾಯಿಯ ಶಿಕ್ಷಣವೇ ಎಂದು ಒಪ್ಪಿಕೊಂಡು ಆ ಪುಸ್ತಕವನ್ನು ಆಕೆಯ ನೆನಪಿಗೆ ಅರ್ಪಿಸಿದಳು. ಯೇಸುವಿನ ನಾಮವನ್ನು ಅರಿಯದೆ ಸತ್ತವಳ ವಿಷಯವಾಗಿ ಯೇಸುವಿಗೆ ಸೇರಿದ ಮಗಳು ಬರೆದದ್ದು ಅದು.

1889ರಲ್ಲಿ ತಿರಿಗಿ ಬಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದಳು. ಮರುವರುಷ ಅದು ಪುಣೆಗೆ ಬಂತು. ಆ ಸದನದ ಕಷ್ಟಗಳನ್ನೂ ಜಗಳಗಳನ್ನೂ ಇಲ್ಲಿ ಬಿಡುತ್ತೇನೆ. 1891ರ ಹೊತ್ತಿಗೆ ಆಕೆಗೆ ಒಂದು ವಿಷಯ ಮನಸ್ಸಿಗೆ ಬಂತು: ತಾನು ಕ್ರೈಸ್ತ ಮತವನ್ನು ಕಂಡುಕೊಂಡೆನೇ ಹೊರತು ಕ್ರಿಸ್ತನನ್ನು ಕಂಡುಕೊಂಡಿಲ್ಲ ಎಂದು. ಹಾಸ್ಲಂ ಎಂಬ ಆಂಗ್ಲ ಬೋಧಕನು ತನ್ನ ಸ್ವಂತ ಮಾರ್ಪಾಟಿನ ವಿಷಯವಾಗಿ ಬರೆದ ಪುಸ್ತಕವನ್ನು ಓದಿ, ಸತ್ಯವೇದದ ಮುಂದೆ ಕೂತು, ಏನೂ ಮುಚ್ಚಿಡದೆ ತನ್ನನ್ನು ಕರ್ತನಿಗೆ ಒಪ್ಪಿಸಿಕೊಟ್ಟಳು. ಅಂದರೆ ತಿರುಪತಿಯ ಅಡವಿಯಲ್ಲಿ ತಂದೆಯು ಒಪ್ಪಿಸಿದ್ದನ್ನು ಮಗಳು ಹದಿನೇಳು ವರುಷಗಳ ಮೇಲೆ ತಾನೇ ಒಪ್ಪಿಸಿದಳು.

1896ರಲ್ಲಿ ಮಧ್ಯ ಪ್ರಾಂತಗಳಲ್ಲಿ ದೊಡ್ಡ ಬರ ಬಿತ್ತು. ಪುಣೆಯಲ್ಲಿ ಕೂತು ಸಮಾಚಾರವನ್ನು ಓದುವದಕ್ಕೆ ಆಕೆಯಿಂದಾಗಲಿಲ್ಲ. ಹೊರಟುಹೋಗಿ, ದಾರಿಯ ಬದಿಯಲ್ಲಿಯೂ ಛತ್ರಗಳಲ್ಲಿಯೂ ಬಿದ್ದಿದ್ದ ಹೆಣ್ಣುಮಕ್ಕಳನ್ನು ಕಂಡಳು. ಅಲ್ಲಿ ಆಕೆಗೆ ಕಂಡದ್ದು ತನ್ನ ಮುಖವೇ. ಸುಮಾರು 300 ಹುಡುಗಿಯರನ್ನೂ ಎಳೇ ವಿಧವೆಯರನ್ನೂ ಕರೆದು ತಂದಳು. ಪುಣೆಯ ಸಮೀಪದ ಕೇಡಗಾಂವದಲ್ಲಿ ಕೊಂಡಿದ್ದ ಹೊಲದಲ್ಲಿ ಮುಕ್ತಿಯೆಂಬ ಸದನವು ಹೀಗೆಯೇ ಎದ್ದಿತು. 1900ರ ಗುಜರಾತದ ಬರವಾದ ಮೇಲೆ ಅಲ್ಲಿ ಇದ್ದವರು 2,000ಕ್ಕೆ ಹತ್ತಿರವಾದರು. ಆ ಮಕ್ಕಳಲ್ಲಿ ಅನೇಕರು ಬದುಕಲಿಲ್ಲ. ತಂದು ಉಣಿಸಿದರೂ ಬರವು ಒಳಗೇ ಕೂತಿದ್ದವರನ್ನು ಉಳಿಸಲಾಗಲಿಲ್ಲ. ಆಕೆಯು ತನ್ನದಲ್ಲದ ಮಕ್ಕಳಿಗಾಗಿಯೂ ಗೋರಿಗಳನ್ನು ತೋಡಿಸಬೇಕಾಯಿತು.

ಆ 1897ರಲ್ಲಿಯೇ ಆಕೆಯು ತನ್ನ ಸ್ವಂತ ಬರಗಾಲದ ನೆನಪುಗಳನ್ನು ಬರೆದಳು. ನಾನು ಮೇಲೆ ಹೇಳಿದ ಅಡವಿ, ತಂದೆಯ ಅಪ್ಪುಗೆ, ಸಜ್ಜೆಯ ರೊಟ್ಟಿ, ತಲೆಯ ಮೇಲಿನ ಚಟ್ಟ, ಇವೆಲ್ಲವೂ ಆಕೆಯ ಆ ಬರಹದಿಂದಲೇ ಬಂದವು. ತಂದೆಯ ಕಡೇ ಮಾತಿನ ಹತ್ತಿರ ಬಂದಾಗ ಆಕೆಯು ನಿಂತಳು. ತಂದೆಯು ಏಕ ಸತ್ಯದೇವರನ್ನು ಅರಿತಿರಲಿಲ್ಲವೆಂಬದನ್ನು ಆಕೆಯು ಸ್ಪಷ್ಟವಾಗಿ ಬರೆದಳು, ಮೆತ್ತಗೆ ಮಾಡಲಿಲ್ಲ. ಆದರೆ ತನಗೆ ತಿಳಿಯದ ದೇವರನ್ನು ಆತನು ಪೂರ್ಣ ಹೃದಯದಿಂದಲೂ ಪೂರ್ಣ ಬಲದಿಂದಲೂ ಸೇವಿಸಿದನೆಂದೂ ಬರೆದಳು. ಆ ಮುದುಕನು ಮಗಳಿಗಾಗಿ ಮಾಡಿದ ಪ್ರಾರ್ಥನೆಯನ್ನು, ಆತನು ಅರಿಯದಿದ್ದ ಪರಲೋಕದ ತಂದೆಯು ಸಂದೇಹವಿಲ್ಲದೆ ಕೇಳಿದನೆಂದು ಬರೆದಳು. ಕಡೆಗೆ, ಅಗಲಿ ಹೋದ ಆ ತಂದೆಯ ಆತ್ಮವನ್ನೇ ಎದುರಿಗೆ ಕಂಡವಳಂತೆ ಮಾತಾಡಿಸಿ, ಹೌದು ಅಪ್ಪಾ, ಸತ್ಯದೇವರನ್ನು ಕಡೆಯ ವರೆಗೂ ಸೇವಿಸುವೆನೆಂಬ ಅರ್ಥದ ಉತ್ತರವನ್ನು ಕೊಟ್ಟಳು. ತಂದೆಯ ಮಾತಿಗೆ ಮಗಳ ಉತ್ತರವು ಇಪ್ಪತ್ತುಮೂರು ವರುಷಗಳಾದ ಮೇಲೆ ಬಂತು.

ಈ ಸ್ಥಳವನ್ನು ಓದಿದಾಗಲೆಲ್ಲಾ ನನಗೆ ಅಥೇನೆ ಪಟ್ಟಣದಲ್ಲಿ ಪೌಲನು ಕಂಡ, ತಿಳಿಯದ ದೇವರಿಗೆಂದು ಕಟ್ಟಿದ್ದ ಆ ಬಲಿಪೀಠವು ನೆನಪಾಗುವದು. ಪೌಲನು ಅದನ್ನು ಒಡೆಯಲಿಲ್ಲ. ಅದರ ಮಾತನ್ನೆತ್ತಿಯೇ ಪ್ರಸಂಗಿಸಿದನು. ರಮಾಬಾಯಿಯೂ ಹಾಗೆಯೇ. ಎಲ್ಲಾ ದಾರಿಗಳೂ ಒಂದೇ ಎಂದು ಆಕೆಯು ಎಂದೂ ಹೇಳಿದವಳಲ್ಲ. ಕ್ರಿಸ್ತನ ಹೊರತು ರಕ್ಷಣೆಯಿಲ್ಲವೆಂದು ಸಾಯುವ ವರೆಗೆ ಸಾರಿದವಳು, ಅದಕ್ಕಾಗಿ ಹಳೇ ಸ್ನೇಹಿತರನ್ನು ಕಳೆದುಕೊಂಡವಳು. ಆದರೂ ತಂದೆಯು ಎಲ್ಲಿದ್ದಾನೆಂಬ ತೀರ್ಪನ್ನು ಆಕೆಯು ಬರೆಯಲಿಲ್ಲ. ಇಲ್ಲಿದ್ದಾನೆ ಎನ್ನಲಿಲ್ಲ, ಅಲ್ಲಿದ್ದಾನೆ ಎನ್ನಲಿಲ್ಲ. ತಂದೆಯು ತನ್ನನ್ನು ಯಾರ ಕೈಗೆ ಕೊಟ್ಟನೋ ಆ ಕೈಯನ್ನು ತಾನು ಕಂಡೆನೆಂದು ಮಾತ್ರ ಹೇಳಿದಳು. ಬರವು ಯಾಕೆ ಬಂತು, ಎಲ್ಲರೂ ಸತ್ತು ತಾನೊಬ್ಬಳು ಯಾಕೆ ಉಳಿದೆನೆಂಬದಕ್ಕೂ ಆಕೆಯು ಕಾರಣ ಕಟ್ಟಲಿಲ್ಲ. ಬೇಥಾನ್ಯದಲ್ಲಿ ಕರ್ತನು ಲಾಜರನನ್ನು ಎಬ್ಬಿಸುವೆನೆಂದು ಬಲ್ಲವನಾಗಿದ್ದರೂ ಮೊದಲು ಅತ್ತನಲ್ಲವೇ. ಆ ಅಳುವಿಗೂ ಆತನು ಕಾರಣ ಹೇಳಲಿಲ್ಲ.

ಇನ್ನು ಉಳಿದದ್ದು ಮನೋರಮೆಯ ಸಂಗತಿ. ಸಿಲ್ಚಾರಿನ ಆ ಕೂಸು ಇಂಗ್ಲೆಂಡಿನಲ್ಲಿಯೂ ಅಮೇರಿಕದಲ್ಲಿಯೂ ಓದಿ, ತಾಯಿಯ ಬಲಗೈಯಾಗಿ ಬೆಳೆಯಿತು. 1912ರ ಸುಮಾರಿಗೆ ತಾಯಿಯೂ ಮಗಳೂ ಕೂಡಿ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳಿಗೆ ಪಾಠಶಾಲೆ ತೆರೆದರು. ತನ್ನ ತಾಯಿಯು ಹಸಿದು ಸತ್ತ ನಿಜಾಮನ ಸೀಮೆಯಲ್ಲಿಯೇ, ಅದೇ ಕನ್ನಡ ನೆಲದಲ್ಲಿಯೇ, ರಮಾಬಾಯಿಯು ಹುಡುಗಿಯರಿಗೆ ಮನೆ ಮಾಡಿಕೊಟ್ಟಳು. ತನ್ನ ತರುವಾಯ ಮುಕ್ತಿಯ ಭಾರವನ್ನು ಮನೋರಮೆಯೇ ಹೊರುವಳೆಂದು ಆಕೆಯು ನಂಬಿದ್ದಳು. 1921ರ ಜುಲಾಯಿಯಲ್ಲಿ, ನಾಲ್ವತ್ತನೆಯ ವಯಸ್ಸಿನಲ್ಲಿ, ಮನೋರಮೆಯು ಹೃದಯದ ಬೇನೆಯಿಂದ ತೀರಿಹೋದಳು.

ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಹೊರುವದಕ್ಕೆ ಮನೆಯವರೆಂಬವರು ಇನ್ನೊಬ್ಬರೂ ಉಳಿಯಲಿಲ್ಲ. ಆಗ ಆಕೆಯ ಮೇಜಿನ ಮೇಲೆ ಒಂದು ಕೆಲಸ ಉಳಿದಿತ್ತು. ಮೂಲ ಇಬ್ರಿಯ ಗ್ರೀಕ್ ಭಾಷೆಗಳನ್ನು ತಾನೇ ಕಲಿತು, ಹಳ್ಳಿಯ ಹೆಂಗಸರಿಗೆ ತಿಳಿಯುವಂಥ ಸುಲಭ ಮರಾಠಿಯಲ್ಲಿ ಸತ್ಯವೇದವನ್ನು ಪೂರ್ತಿಯಾಗಿ ಭಾಷಾಂತರಿಸುವದನ್ನು ಆಕೆಯು ಬಹು ವರುಷಗಳಿಂದ ನಡಿಸಿಕೊಂಡು ಬಂದಿದ್ದಳು. ಮಗಳನ್ನು ಮಣ್ಣುಮಾಡಿ ಆ ಮೇಜಿಗೆ ತಿರಿಗಿ ಹೋದಳು. ಒಂಬತ್ತು ತಿಂಗಳೂ ಆಗಲಿಲ್ಲ. 1922ರ ಏಪ್ರಿಲ್ 5ರಂದು ನಿದ್ರೆಯಲ್ಲಿಯೇ ಕರ್ತನ ಬಳಿಗೆ ಹೋದಳು. ಅಚ್ಚಿನ ಕಡೇ ಹಾಳೆಗಳನ್ನು ತಿದ್ದಿ ಮುಗಿಸಿದ ಮೇಲೆಯೇ ಹೋದಳೆಂದು ಆಕೆಯ ಚರಿತ್ರೆ ಬರೆದವರು ಹೇಳುತ್ತಾರೆ. ಬರದಿಂದ ಉಳಿದು ಬಂದ ಹೆಂಗಸರು ಮುಕ್ತಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಆ ಸತ್ಯವೇದವನ್ನು 1924ರಲ್ಲಿ ಹೊರಗೆ ತಂದರು.

ಮರುದಿನ ನಾನು ಆ ಮುದುಕಿಯ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಇದನ್ನೆಲ್ಲಾ ನನಗೆ ತಿಳಿದ ಮಟ್ಟಿಗೆ ಹೇಳಿದೆನು. ಸೆಮಿನರಿಯ ಉತ್ತರವನ್ನು ಹೇಳಲಿಲ್ಲ. ಆಕೆಯು ಜೋಳ ಹಸನು ಮಾಡುತ್ತಾ ತಲೆಯೆತ್ತದೆ ಕೇಳಿದಳು. ರೊಟ್ಟಿಯ ಸಂಗತಿ ಬಂದಾಗ ಮಾತ್ರ ಮೊರವನ್ನು ಕೆಳಗಿಟ್ಟು ಸುಮ್ಮನೆ ಇದ್ದಳು. ನಾನು ಮುಗಿಸಿದ ಮೇಲೆ, ಆ ಪಂಡಿತೆಯ ತಾಯಿಯ ಹೆಸರು ಏನೆಂದು ಹೇಳಿದಿರಿ ಎಂದು ಕೇಳಿದಳು. ಲಕ್ಷ್ಮೀಬಾಯಿ ಎಂದೆನು. ಆಕೆಯು ಅದನ್ನು ಒಂದು ಸಾರಿ ಬಾಯಲ್ಲಿ ಅಂದುಕೊಂಡು, ಆ ಮೇಲೆ ತನ್ನ ತಾಯಿಯ ಹೆಸರನ್ನೂ ನನಗೆ ಹೇಳಿದಳು. ಇಷ್ಟು ವರುಷ ಆ ಮನೆಗೆ ಹೋಗಿ ಬಂದರೂ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ.